ಎರಡೂ ಬೇಕು ಅಂದಾಗ ಮ್ಯಾನೇಜರ್ ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದ ಹತ್ತಿರ ಒಂದು ಕಾರ್ಖಾನೆಯಲ್ಲಿ 22 ವರ್ಷ ದುಡಿದೆ. ಅದರಲ್ಲಿ 14 ವರ್ಷ ಶಿಫ್ಟ್ ಇನ್‌ಚಾರ್ಜ್ ಆಗಿದ್ದೆ. ಈಗ ನಮ್ಮ ಮೂರು ಜಿಲ್ಲೆಗಳ ಸೂಪರ್‌ವೈಸರ್‌ಗಳು, ಅಕ್ಕಿ ಮಿಲ್ಲಿನ ಮ್ಯಾನೇಜರ್‌ಗಳು, ಬಳ್ಳಾರಿಯ ಜೀನ್ಸ್ ಯೂನಿಟ್ ನಡೆಸುವವರು, ಬ್ಯಾಂಕಿನವರು, ಆಸ್ಪತ್ರೆಯ ನರ್ಸಿಂಗ್ ಇನ್‌ಚಾರ್ಜ್‌ಗಳು ಇವರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಊರು ಬೇರೆ, ಕೆಲಸ ಬೇರೆ. ಆದರೆ ಚಹಾ ಬರುವಷ್ಟರಲ್ಲಿ ಮಾತು ಬಂದು ನಿಲ್ಲುವುದು ಒಂದೇ ಕಡೆ: "ಅದೂ ಬೇಕಂತಾರ, ಇದೂ ಬೇಕಂತಾರ. ಏನ್ ಮಾಡ್ಬೇಕ್ರಿ?" ಇಂಥ ಜಗ್ಗಾಟಕ್ಕೆ ನಾನು ಅವರ ಮುಂದೆ ವಿರೋಧಾಭಾಸ ಅನ್ನುವ ಮಾತು ಬಳಸುತ್ತೇನೆ. ಹಾಗೆ ಬಂದ ಪ್ರಶ್ನೆಗಳನ್ನು, ಪತ್ರದಲ್ಲಿ ಬಂದವನ್ನೂ ಸೇರಿಸಿ, ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

"ವಿರೋಧಾಭಾಸ ಅಂತ ದೊಡ್ಡ ಮಾತು ಹೇಳ್ತೀರಿ. ನಮ್ಮ ಮಿಲ್ಲಿಗೂ ಅದಕ್ಕೂ ಏನು ಸಂಬಂಧ?"

ಡ್ರೈಯರ್ ಹತ್ತಿರ ಹೋಗಿ ನಿಂತರೆ ಗೊತ್ತಾಗುತ್ತದೆ. ಸುಗ್ಗಿಯಲ್ಲಿ ಕಟಾವು ಮಷಿನ್‌ನಿಂದ ನೇರವಾಗಿ ಬರುವ ಭತ್ತದಲ್ಲಿ ತೇವಾಂಶ ಶೇ 20 ದಾಟಿರುತ್ತದೆ. ಅಕ್ಕಿ ಮಾಡಲು ಶೇ 14ರ ಆಸುಪಾಸು ಬೇಕು. ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿದೆ ಅಂತ ಜೋರು ಬಿಸಿಗಾಳಿ ಹೊಡೆದರೆ ಕಾಳು ಒಳಗೇ ಬಿರುಕು ಬಿಡುತ್ತದೆ. ಆಮೇಲೆ ಮಷಿನ್‌ನಲ್ಲಿ ನುಚ್ಚಾಗಿ ಬೀಳುತ್ತದೆ. ನಿಧಾನ ಮಾಡಿದರೆ ಹೊರಗಿನ ಹಸಿ ಭತ್ತ ರಾಶಿಯಲ್ಲೇ ಬಿಸಿಯೇರಿ ಅಕ್ಕಿ ಹಳದಿಯಾಗುತ್ತದೆ. ಬೇಗವೂ ಬೇಕು, ನಿಧಾನವೂ ಬೇಕು. ಪಳಗಿದ ಡ್ರೈಯರ್ ಆಪರೇಟರ್ ಏನು ಮಾಡುತ್ತಾನೆ? ಸ್ವಲ್ಪ ಒಣಗಿಸಿ ಕೆಲವು ಗಂಟೆ ಹಾಗೇ ಬಿಡುತ್ತಾನೆ. ಕಾಳಿನ ಒಳಗಿನ ತೇವ ಹೊರಮೈಗೆ ಬರುತ್ತದೆ. ಆಮೇಲೆ ಮತ್ತೆ ಒಣಗಿಸುತ್ತಾನೆ. ಒಂದು ಲೋಡ್ ತಣಿಯುವಾಗ ಇನ್ನೊಂದು ಡ್ರೈಯರ್‌ನಲ್ಲಿ ಇರುತ್ತದೆ.

ಒಂದಕ್ಕೊಂದು ಎದುರು ನಿಂತಂತೆ ಕಾಣುವ, ಆದರೆ ಎರಡೂ ಇಲ್ಲದೆ ಕೆಲಸ ಸಾಗದ ಇಂಥ ಬೇಡಿಕೆಗಳಿಗೆ ನಾನು ಜೋಡೆತ್ತು ಅಂತ ಹೆಸರಿಟ್ಟಿದ್ದೇನೆ. ಒಂದು ಎತ್ತು ಬಿಚ್ಚಿದರೆ ಬಂಡಿ ನಿಲ್ಲುತ್ತದೆ. ಒಂದನ್ನೇ ಹೊಡೆದರೆ ಬಂಡಿ ಪಕ್ಕಕ್ಕೆ ತಿರುಗುತ್ತದೆ. ಮುಂದಿನ ಉತ್ತರಗಳಲ್ಲೂ ಇದೇ ಮಾತು ಬಳಸುತ್ತೇನೆ.

"ಎಲ್ಲಾ ಸಮಸ್ಯೆನೂ ಹಿಂಗೇನಾ? ಗುರುತು ಹಿಡಿಯೋದು ಹೆಂಗೆ?"

ಇಲ್ಲ, ಎಲ್ಲವೂ ಅಲ್ಲ. ಮೋಟಾರ್ ಸುಟ್ಟರೆ ಹೊಸದು ಹಾಕಿ, ಮುಗಿಯಿತು. ಅದು ಸಮಸ್ಯೆ. ಎರಡು ಟೆಂಡರ್ ಬಂದಿವೆ, ಒಂದನ್ನು ಆರಿಸಬೇಕು. ಅದು ಆಯ್ಕೆ.

ಜೋಡೆತ್ತಿಗೆ ಎರಡು ಗುರುತು ಇವೆ. ಒಂದು, ಎಷ್ಟು ಸಲ ತೀರ್ಮಾನ ಮಾಡಿದರೂ ಅದೇ ಜಗಳ ಮೂರು ತಿಂಗಳಿಗೆ ಮತ್ತೆ ಬಾಗಿಲಿಗೆ ಬರುತ್ತದೆ. ಇನ್ನೊಂದು, ಎರಡೂ ಕಡೆಯವರ ಮಾತು ಕೇಳಿದರೆ ಇಬ್ಬರದ್ದೂ ಸರಿ ಅನ್ನಿಸುತ್ತದೆ. ಬ್ಯಾರಿ ಜಾನ್ಸನ್ ಎಂಬ ಅಮೆರಿಕದ ಸಲಹೆಗಾರರು 1990ರ ದಶಕದಲ್ಲೇ ಈ ಫರಕನ್ನು ಬಿಡಿಸಿ ಹೇಳಿದರು. ಬಗೆಹರಿಯುವ ಸಮಸ್ಯೆ ಬೇರೆ, ನಿಭಾಯಿಸಿಕೊಂಡೇ ಹೋಗಬೇಕಾದ ಜೋಡಿ ಬೇರೆ. ಜೋಡಿಯನ್ನು ಬಗೆಹರಿಯುವ ಸಮಸ್ಯೆ ಅಂದುಕೊಂಡು ಮೀಟಿಂಗ್ ಮೇಲೆ ಮೀಟಿಂಗ್ ಮಾಡಿ ಸುಸ್ತಾದ ಮ್ಯಾನೇಜರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

"ಒಂದನ್ನ ಗಟ್ಟಿಯಾಗಿ ಹಿಡಿದು ಹೋದ್ರೆ ಆಗಲ್ವಾ?"

ಆಗುತ್ತದೆ, ಸ್ವಲ್ಪ ದಿನ. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನ ಮ್ಯಾನೇಜರ್ ತಮ್ಮದೇ ಕತೆ ಹೇಳಿದರು. ಪೀಸ್ ರೇಟಿನಲ್ಲಿ ಹೊಲಿಸುತ್ತಿದ್ದರು. ದಿನಕ್ಕೆ ಎಷ್ಟು ಪೀಸ್ ಅನ್ನುವುದೊಂದೇ ಲೆಕ್ಕ. ಎರಡು ತಿಂಗಳು ಭರ್ಜರಿ ನಡೆಯಿತು. ಆಮೇಲೆ ಜಿಪ್ ಓರೆ, ಜೇಬಿನ ಹೊಲಿಗೆ ಬಿಟ್ಟಿದೆ ಅಂತ ಬಂಡಲ್‌ಗಟ್ಟಲೆ ಮಾಲು ವಾಪಸ್ ಬಂತು. ಮಾಲೀಕರು ರೇಗಿದರು. ಪ್ರತಿ ಪೀಸನ್ನೂ ಎರಡು ಸಲ ಚೆಕ್ ಮಾಡುವ ಪದ್ಧತಿ ಬಂತು. ಮಾಲು ಸುಧಾರಿಸಿತು. ಆದರೆ ಟೈಲರ್‌ಗಳ ವಾರದ ದುಡಿಮೆ ಇಳಿಯಿತು. ಚೆನ್ನಾಗಿ ಹೊಲಿಯುವವರೇ ಮೊದಲು ಪಕ್ಕದ ಯೂನಿಟ್ಟಿಗೆ ಹೋದರು. ಮತ್ತೆ ಪೀಸ್ ಹಿಂದೆ ಓಟ.

ಗಮನಿಸಿ, ಎರಡೂ ಸಲ ತೀರ್ಮಾನ ತೆಗೆದುಕೊಂಡವರಿಗೆ ಅದು ಸರಿಯಾಗೇ ಕಂಡಿತ್ತು. ಒಂದು ಕಡೆ ಜಾಸ್ತಿ ಒತ್ತಿದಷ್ಟೂ ಇನ್ನೊಂದು ಕಡೆ ಒಳಗೇ ಹುಳುಕು ಬೀಳುತ್ತಿರುತ್ತದೆ. ಅದು ಕಣ್ಣಿಗೆ ಬೀಳುವುದು ತಡವಾಗಿ. ಕೊನೆಗೆ ಆ ಮ್ಯಾನೇಜರ್ ಮಾಡಿದ್ದು ಸಣ್ಣ ಬದಲಾವಣೆ. ಕೊನೆಯಲ್ಲಿ ಎರಡು ಸಲ ಚೆಕ್ ಮಾಡುವುದನ್ನು ಬಿಟ್ಟು, ಜಿಪ್ ಮತ್ತು ಜೇಬು ಹೊಲಿಯುವ ಎರಡು ಮಷಿನ್ ಹತ್ತಿರ ಮಾತ್ರ ನಡುವೆ ಚೆಕ್ ಇಟ್ಟರು. ತಪ್ಪಿಲ್ಲದ ಪೀಸಿಗೆ ರೇಟು ಸ್ವಲ್ಪ ಏರಿಸಿದರು. ಜಗ್ಗಾಟ ಇನ್ನೂ ಇದೆ. ಬಂಡಲ್ ವಾಪಸ್ ಬರುವುದು ನಿಂತಿದೆ.

"ಹಂಗಾದ್ರೆ ಅರ್ಧ ಅದು, ಅರ್ಧ ಇದು ಮಾಡೋಣ?"

ಬೇಡ. ಅರ್ಧ ಒಣಗಿದ ಭತ್ತ ಯಾರಿಗೂ ಬೇಡ. ಈ ಗಂಟೆ ಇದು ಪೂರ್ತಿ, ಆ ಗಂಟೆ ಅದು ಪೂರ್ತಿ ಅನ್ನುವುದು ಬಹಳ ಸಲ ಚೆನ್ನಾಗಿ ಕೆಲಸ ಮಾಡುತ್ತದೆ.

## ದಿನದ ಕೆಲಸದಲ್ಲಿ ಬರುವ ಪ್ರಶ್ನೆಗಳು

"ಮೇಲಿನವರು ಟಾರ್ಗೆಟ್ ಅಂತಾರೆ. ಸೇಫ್ಟಿ ಆಫೀಸರ್ ನಿಲ್ಲಿಸು ಅಂತಾರೆ. ನಡುವೆ ನಾನು."

ಈ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ನನ್ನದೇ ತಪ್ಪಿನಿಂದ ಬಂದದ್ದು.

ಅವತ್ತು ರಾತ್ರಿ ಪಾಳಿ. ಶಿಫ್ಟ್ ಶುರುವಿಗೆ ಎಲ್ಲರನ್ನೂ ನಿಲ್ಲಿಸಿಕೊಂಡು "ಸೇಫ್ಟಿ ಮೊದಲು" ಅಂದೆ. ಅದೇ ಉಸಿರಿನಲ್ಲಿ "ಇವತ್ತು ಟನ್ನೇಜ್ ಕಡಿಮೆ ಬಿದ್ದಿದೆ, ಬೆಲ್ಟ್ ನಿಲ್ಲಬಾರದು" ಅಂದೆ. ರಾತ್ರಿ ಎರಡೂವರೆಗೆ ಕನ್ವೇಯರ್‌ನ ಕೆಳಗಿನ ರೋಲರ್‌ಗೆ ಹಸಿ ಅದಿರು ಮೆತ್ತಿಕೊಂಡಿತು. ಯಲಬುರ್ಗಾ ಕಡೆಯ ಹುಡುಗ, ಹೆಲ್ಪರ್, ಬೆಲ್ಟ್ ಓಡುತ್ತಿದ್ದ ಹಾಗೇ ಸಲಾಕಿ ಹಿಡಿದು ಕೆರೆಯಲು ಹೋದ. ಗ್ಲೌಸ್ ಸಿಕ್ಕಿತು. ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಾಗ "ಬಂದ್ ಮಾಡಿ ಕೆರೀಬೇಕಿತ್ತಲ್ಲೋ ತಮ್ಮಾ" ಅಂದೆ. ಅವನು ಸಿಟ್ಟು ಮಾಡಲಿಲ್ಲ. "ಬೆಲ್ಟ್ ನಿಲ್ಲಬಾರದು ಅಂತ ನೀವಽ ಹೇಳಿದ್ರಲ್ರೀ ಸರ್" ಅಂದ.

ನಾನು ಎರಡು ಮಾತು ಹೇಳಿದ್ದೆ. ಯಾವುದು ದೊಡ್ಡದು ಅಂತ ಆರಿಸುವ ಕೆಲಸವನ್ನು, ತಿಂಗಳ ಹಿಂದೆ ಸೇರಿದ ಹುಡುಗನಿಗೆ, ರಾತ್ರಿ ಎರಡೂವರೆಗೆ ಬಿಟ್ಟಿದ್ದೆ. ಈಗ ನಾನು ಎಲ್ಲಿ ಹೋದರೂ ಹೇಳುವುದು ಇಷ್ಟೇ: ಜಗ್ಗಾಟ ಮ್ಯಾನೇಜರ್ ಟೇಬಲ್ ಮೇಲೆ ಇರಬೇಕು. ಅದನ್ನು ಮಡಚಿ ಕೆಳಗಿನವನ ಜೇಬಿಗೆ ತುರುಕಬಾರದು.

ಇನ್ನೊಂದು ಮಾತು. ಜೀವದ ಪ್ರಶ್ನೆ ಇರುವ ಕಡೆ ಸೇಫ್ಟಿ ಜೋಡೆತ್ತಲ್ಲ. ಅದು ಬಂಡಿ ಓಡುವ ನೆಲ. ಅದರ ಮೇಲೆ ನಿಂತು ಉಳಿದದ್ದನ್ನು ತೂಗಬೇಕು. ಟೊಯೋಟಾ ಕಾರ್ಖಾನೆಗಳಲ್ಲಿ ಸಾಮಾನ್ಯ ಕೆಲಸಗಾರನೂ ತಲೆಯ ಮೇಲಿನ ಹಗ್ಗ ಎಳೆದು ತೊಂದರೆ ತಿಳಿಸಬಹುದು. ಅದು ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ನಾವು ಆಮೇಲೆ ಮಾಡಿದ್ದೂ ಅಂಥದ್ದೇ. ಯಾರು ಬೇಕಾದರೂ ಬೆಲ್ಟ್ ನಿಲ್ಲಿಸಬಹುದು. ನಿಂತ ನಿಮಿಷಗಳನ್ನು ಲಾಗ್‌ಬುಕ್ಕಿನಲ್ಲಿ ಶಿಫ್ಟ್ ಇನ್‌ಚಾರ್ಜ್ ಹೆಸರಿಗೆ ಬರೆಯಬೇಕು, ನಿಲ್ಲಿಸಿದವನ ಹೆಸರಿಗಲ್ಲ. ಮೊದಲ ವಾರ ಬೆಲ್ಟ್ ಜಾಸ್ತಿ ಸಲವೇ ನಿಂತಿತು. ರೋಲರ್ ಹತ್ತಿರ ಅದಿರು ಯಾಕೆ ಮೆತ್ತುತ್ತಿದೆ ಅಂತ ಆಗ ಹುಡುಕಲು ಶುರು ಮಾಡಿದೆವು. ಬೆಲ್ಟಿಗೆ ಮೆತ್ತಿದ್ದನ್ನು ಕೆರೆದು ತೆಗೆಯುವ ಸ್ಕ್ರೇಪರ್ ಸವೆದು ಹೋಗಿತ್ತು.

"ಇಬ್ಬರು ಸಾಹೇಬ್ರು ಇಬ್ಬರೂ 'ನನ್ನದು ಅರ್ಜೆಂಟ್' ಅಂದ್ರೆ?"

ಇದು ನಿಮ್ಮ ಜೋಡೆತ್ತಲ್ಲ, ಅವರಿಬ್ಬರ ನಡುವಿನದು. ಇಬ್ಬರಿಗೂ ಒಟ್ಟಿಗೆ ಒಂದೇ ಮೆಸೇಜ್ ಹಾಕಿ: "ಸಂಜೆಯೊಳಗೆ ಒಂದು ಮುಗಿಯುತ್ತದೆ. ಇನ್ನೊಂದು ನಾಳೆ ಹನ್ನೊಂದಕ್ಕೆ. ಯಾವುದು ಮೊದಲು ಅಂತ ತಿಳಿಸಿ ಸರ್." ಸಿಟ್ಟಿಲ್ಲದ ಮಾತು ಸಾಕು.

"ನಮ್ಮೂರವರೇ, ನಮ್ಮ ಸಂಬಂಧದವರೇ ಕೈಕೆಳಗೆ ಇದ್ದಾರೆ. ಹತ್ತಿರ ಇರಬೇಕಾ, ದೂರ ಇರಬೇಕಾ?"

ನಮ್ಮ ಕಡೆ ಇದು ಬಹಳ ದೊಡ್ಡ ಪ್ರಶ್ನೆ. "ಏನ್ ಅಳಿಯಾ, ಮಾವಗೂ ಲೇಟ್ ಮಾರ್ಕಾ?" ಅಂತ ಗೇಟಿನಲ್ಲೇ ಕೇಳುತ್ತಾರೆ. ಬಿಟ್ಟರೆ ಉಳಿದ ನಲವತ್ತು ಜನ ನೋಡುತ್ತಾರೆ. ಬಿಡದಿದ್ದರೆ ಮದುವೆ ಮನೆಯಲ್ಲಿ ಮುಖ ತಿರುಗಿಸುತ್ತಾರೆ.

ಇದು ನಮ್ಮೊಬ್ಬರ ಕಷ್ಟವಲ್ಲ ಅಂತ ತಿಳಿದಾಗ ನನಗೆ ಸಮಾಧಾನವಾಗಿತ್ತು. ಡೆನ್ಮಾರ್ಕಿನ ಲೆಗೋ ಆಟಿಕೆ ಕಂಪನಿಯಲ್ಲಿ ಮ್ಯಾನೇಜರ್‌ಗಳಿಗಾಗಿ 11 ವಿರೋಧಾಭಾಸಗಳ ಪಟ್ಟಿಯನ್ನೇ ಮಾಡಿದ್ದರು. ಅದರಲ್ಲಿ ಒಂದು ಇದೇ: ಕೈಕೆಳಗಿನವರ ಜೊತೆ ಆಪ್ತವಾಗಿರುವುದು, ತಕ್ಕಷ್ಟು ದೂರವನ್ನೂ ಇಟ್ಟುಕೊಳ್ಳುವುದು. ಅಲ್ಲೂ ಇದೇ ಕತೆ ಅಲ್ವಾ?

ನಾನು ಕಂಡಂತೆ ಇದಕ್ಕೆ ಜಾಗ ಬೇರೆ ಮಾಡುವುದು ಒಳ್ಳೆಯದು. ಹಾಜರಿ, ಪಗಾರ, ಪಾಳಿ ಇವು ಗೇಟಿನ ಒಳಗಿನವು. ಅಲ್ಲಿ ಮಾವನಿಲ್ಲ. ಕಷ್ಟಸುಖ, ಆಸ್ಪತ್ರೆ, ಮಗಳ ಮದುವೆ ಇವು ಗೇಟಿನ ಹೊರಗಿನವು. ಅಲ್ಲಿ ಅಳಿಯನಾಗಿ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲಿ. ಇದನ್ನು ಕೆಲಸಕ್ಕೆ ಸೇರಿಸುವ ದಿನವೇ ಅವರ ಮನೆಗೆ ಹೋಗಿ, ಅತ್ತೆಯ ಎದುರಿಗೇ ಹೇಳಿಬಿಡಿ. ಲೇಟ್ ಮಾರ್ಕ್ ಹಾಕಿದ ಮೇಲೆ ಹೇಳಿದರೆ ಅದು ನೆಪದ ಹಾಗೆ ಕೇಳುತ್ತದೆ.

"ಎಲ್ಲರಿಗೂ ಒಂದೇ ರೂಲ್ಸ್ ಇರಬೇಕಾ, ಕಷ್ಟ ನೋಡಿ ಕೊಡಬೇಕಾ?"

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಬಂದಾಗ ಕೊಪ್ಪಳದ ಯಾವ ಮ್ಯಾನೇಜರ್‌ಗೂ ಈ ಪ್ರಶ್ನೆ ತಪ್ಪಿದ್ದಲ್ಲ. ತೇರಿನ ದಿನ ಎಲ್ಲರಿಗೂ ರಜೆ ಬೇಕು. ಲಾರಿ ಲೋಡೂ ಹೋಗಬೇಕು. ಒಬ್ಬ ಮಿಲ್ ಮ್ಯಾನೇಜರ್ ಮಾಡಿದ ಏರ್ಪಾಡು ನನಗೆ ಹಿಡಿಸಿತು. ಹಮಾಲರನ್ನು ಎರಡು ಗುಂಪು ಮಾಡಿದರು. ಈ ವರ್ಷ ಒಂದು ಗುಂಪಿಗೆ ತೇರಿನ ದಿನ, ಇನ್ನೊಂದು ಗುಂಪಿಗೆ ಮರುದಿನ. ಮುಂದಿನ ವರ್ಷ ಅದಲು ಬದಲು. ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದರು. ಹರಕೆ ಹೊತ್ತವರು ತಮ್ಮತಮ್ಮಲ್ಲೇ ಮಾತಾಡಿ ಬದಲಿಸಿಕೊಳ್ಳಬಹುದು. ರೂಲ್ಸ್ ಒಂದೇ ಇತ್ತು, ಅದರೊಳಗೆ ಕಷ್ಟಕ್ಕೂ ಜಾಗ ಇತ್ತು. ವಿನಾಯಿತಿ ಕೊಡುವುದು ತಪ್ಪಲ್ಲ. ಕದ್ದು ಕೊಟ್ಟ ವಿನಾಯಿತಿಯಿಂದ ಜನರ ಮನಸ್ಸು ಒಡೆಯುತ್ತದೆ.

"ಎರಡನ್ನೂ ಒಟ್ಟಿಗೆ ಮಾಡೋಕೆ ಆಗೋದೇ ಇಲ್ಲ ಅಂದ್ರೆ?"

ಮೂರು ದಾರಿ ಇವೆ. ಮೊದಲನೆಯದು ಸರದಿ. ಅದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕಡಿಮೆಯಾದಾಗ ವಾರಬಂದಿ ಮಾಡುತ್ತಾರೆ, ಅಂದರೆ ಸರದಿ ಹಚ್ಚಿ ನೀರು ಬಿಡುತ್ತಾರೆ. ಗಂಗಾವತಿ, ಸಿಂಧನೂರು ಮೇಲಿನ ಭಾಗ. ಮಾನ್ವಿ, ಸಿರವಾರ, ರಾಯಚೂರು ಕೊನೆಭಾಗ. ಎಲ್ಲರಿಗೂ ಒಂದೇ ಸಲ ಬಿಟ್ಟರೆ ಕೊನೆಭಾಗಕ್ಕೆ ಹನಿ ನೀರೂ ಬರುವುದಿಲ್ಲ. ಸರದಿ ಪ್ರಕಾರ ಬಿಟ್ಟರೆ ಬರುತ್ತದೆ. ಆದರೆ ಸರದಿ ಬರೀ ಕಾಗದದ ಮೇಲೆ ಇದ್ದರೆ ನಡೆಯುವುದಿಲ್ಲ. ಕಾಲುವೆಯ ಮೈಲ್ 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ, ಮೈಲ್ 104ರಲ್ಲಿ ಎಷ್ಟಿದೆ ಅಂತ ಕೊನೆಭಾಗದವರು ಕೇಳುತ್ತಲೇ ಇರುತ್ತಾರೆ. ಆಫೀಸಿನಲ್ಲೂ ಹಾಗೇ. "ಈ ತಿಂಗಳು ವಸೂಲಿ, ಮುಂದಿನ ತಿಂಗಳು ಗ್ರಾಹಕರ ಕೆಲಸ" ಅಂತ ಹೇಳಿದರೆ ಸಾಲದು. ಸರದಿ ತಪ್ಪಿದೆಯಾ ಅಂತ ನೋಡುವ ಗೇಜ್ ಇರಬೇಕು. ಆ ಗೇಜನ್ನು ಕಾಯುವವರು ಕೊನೆಭಾಗದವರೇ ಆಗಿರಬೇಕು, ಅಂದರೆ ಸರದಿ ತಪ್ಪಿದರೆ ಯಾರಿಗೆ ಪೆಟ್ಟು ಬೀಳುತ್ತದೋ ಅವರು.

ಎರಡನೆಯದು ಜಾಗ ಬೇರೆ ಮಾಡುವುದು. ಗೇಟಿನ ಒಳಗೆ ಹೊರಗೆ ಅಂದೆನಲ್ಲ, ಅದು.

ಮೂರನೆಯದು ಕಷ್ಟದ್ದು: ಯಾರೂ ಹೇಳದ ದಾರಿ ಹುಡುಕುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಡ್ಯಾಂ ತುಂಬಿತ್ತು. ಗೇಟು ಕೂರಿಸಬೇಕೆಂದರೆ ನೀರು ಇಳಿಸಬೇಕು. ಇಳಿಸಿದರೆ ಬೆಳೆಗೆ ನೀರಿಲ್ಲ. ಆ ದಿನಗಳಲ್ಲಿ ನಮ್ಮೂರಿನ ಯಾರ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಒತ್ತಡ ಕಡಿಮೆ ಮಾಡಲು ಬೇರೆ ಗೇಟುಗಳನ್ನು ತೆರೆದು ನೀರು ಹೊರಗೆ ಬಿಟ್ಟರು. ಅದೇ ಹೊತ್ತಿಗೆ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಡ್ಯಾಂ ಪೂರ್ತಿ ಖಾಲಿಯಾಗುವವರೆಗೆ ಕಾಯದೆ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಗೇಟಿನ, ತುಂಡುಗಳನ್ನು ಒಂದೊಂದಾಗಿ ಇಳಿಸಿದರು. ಒಂದು ವಾರದಲ್ಲಿ ನೀರು ನಿಂತಿತು.

ಇದರಲ್ಲಿ ನಾನು ಮ್ಯಾನೇಜರ್‌ಗಳಿಗೆ ತೋರಿಸುವುದು ಒಂದೇ ವಿಷಯ. "ಗೇಟು ಬೇಕಾ, ನೀರು ಬೇಕಾ" ಅಂತ ಕೇಳಿದರೆ ಉತ್ತರವಿಲ್ಲ. "ಎಷ್ಟು ನೀರು ಹೋದರೆ ತಡೆದುಕೊಳ್ಳಬಹುದು, ಅಷ್ಟರೊಳಗೆ ಏನು ಕೂರಿಸಬಹುದು" ಅಂತ ಕೇಳಿದರೆ ಕೈಗೆ ಕೆಲಸ ಸಿಗುತ್ತದೆ. ಆ ಗೇಟು ತಾತ್ಕಾಲಿಕ ಅನ್ನುವುದನ್ನೂ ಯಾರೂ ಮರೆಯಲಿಲ್ಲ. 2025ರಲ್ಲಿ 80 ಟಿಎಂಸಿ ಅಡಿಯಷ್ಟೇ ನೀರು ನಿಲ್ಲಿಸಿದರು.

## ಇನ್ನೂ ಆಳಕ್ಕೆ ಹೋದವರ ಪ್ರಶ್ನೆಗಳು

"ಓದಿದವರು ಇದರ ಬಗ್ಗೆ ಏನು ಹೇಳಿದ್ದಾರೆ?"

ವೆಂಡಿ ಸ್ಮಿತ್ ಮತ್ತು ಮೇರಿಯಾನ್ ಲೂಯಿಸ್ ಎಂಬ ಇಬ್ಬರು ಪ್ರಾಧ್ಯಾಪಕಿಯರು 2011ರಲ್ಲಿ ಸಂಸ್ಥೆಗಳೊಳಗಿನ ಜಗ್ಗಾಟಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ನಮ್ಮ ಮಾತಿನಲ್ಲಿ ಹೇಳುತ್ತೇನೆ. ಒಂದು ಗುರಿಯ ಜಗ್ಗಾಟ: ಮಾಲೀಕರಿಗೆ ಲಾಭ, ಊರಿಗೆ ಹೊಗೆ ಬೇಡ. ಇನ್ನೊಂದು ವ್ಯವಸ್ಥೆಯದು: ಹಿಡಿತ ಬೇಕು, ಬಿಟ್ಟೂ ಕೊಡಬೇಕು. ಮೂರನೆಯದು "ನಾನು ಯಾರವನು" ಅನ್ನುವುದು: ಕಂಪನಿಯವನಾ, ಕೆಲಸಗಾರರವನಾ? ನಾಲ್ಕನೆಯದು ಕಲಿಕೆಯದು: ಗೊತ್ತಿರುವುದನ್ನೇ ಚೆನ್ನಾಗಿ ಮಾಡುವುದಾ, ಹೊಸದಕ್ಕೆ ಕೈ ಹಾಕುವುದಾ? ಈ ಕೊನೆಯದನ್ನು ಅಮೆರಿಕದ ಪ್ರಾಧ್ಯಾಪಕ ಜೇಮ್ಸ್ ಮಾರ್ಚ್ 1991ರಲ್ಲೇ ಬಿಡಿಸಿಟ್ಟಿದ್ದರು. ನನ್ನ ಅನುಭವದಲ್ಲಿ ಮೂರನೆಯದು ಎಲ್ಲಕ್ಕಿಂತ ಜಾಸ್ತಿ ನೋಯಿಸುತ್ತದೆ. ಅದರ ಬಗ್ಗೆ ಯಾರೂ ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ.

"ನನ್ನ ಕೈಕೆಳಗಿನ ಮ್ಯಾನೇಜರ್ ಒದ್ದಾಡ್ತಿದ್ದಾನೆ. ಉತ್ತರ ಹೇಳಿಬಿಡಲಾ?"

ಹೇಳಬೇಡಿ. ಮೇಲೆ ಹೇಳಿದ ಲೆಗೋ ಕಂಪನಿಯಲ್ಲೇ, ದೊಡ್ಡ ಬದಲಾವಣೆ ನಡೆಯುತ್ತಿದ್ದಾಗ, ಲೋಟೆ ಲೂಶರ್ ಎಂಬ ಸಂಶೋಧಕಿ ಮಧ್ಯಮ ಹಂತದ ಮ್ಯಾನೇಜರ್‌ಗಳ ಜೊತೆ ಕೂತು ಮಾತಾಡುತ್ತಾ ಹೋದರು. ಅವರು ಮತ್ತು ಲೂಯಿಸ್ ಸೇರಿ 2008ರಲ್ಲಿ ಅದನ್ನು ಬರೆದರು. ಮ್ಯಾನೇಜರ್‌ಗಳು ಮೊದಲು ಬರುವುದು ಗೊಂದಲದೊಂದಿಗೆ. ಅದನ್ನು ಒಂದು ಸಮಸ್ಯೆಯಾಗಿ ಹೇಳಿಸಬೇಕು. ಕೆದಕಿದರೆ ಅದು ಇಕ್ಕಟ್ಟಾಗಿ ತೋರುತ್ತದೆ, ಅತ್ತ ದರಿ ಇತ್ತ ಪುಲಿ. ಇನ್ನೂ ಕೆದಕಿದರೆ ಎರಡೂ ಬೇಕು ಅನ್ನುವುದು ಬೆಳಕಿಗೆ ಬರುತ್ತದೆ. ಕೊನೆಗೆ ಸಿಗುವುದು ಪೂರ್ತಿ ಪರಿಹಾರವಲ್ಲ, ನಾಳೆ ಬೆಳಗ್ಗೆ ಕೆಲಸ ಶುರು ಮಾಡುವಷ್ಟು ಸ್ಪಷ್ಟತೆ.

ನಾನು ಮಾಡುವ ಕ್ರಮ ಇದು. ರೂಲ್ಡ್ ನೋಟ್‌ಬುಕ್ಕಿನ ಒಂದು ಪುಟ. ನಡುವೆ ಗೆರೆ. ಎಡಕ್ಕೆ ಒಂದು ಬೇಡಿಕೆ, ಬಲಕ್ಕೆ ಇನ್ನೊಂದು. ಮೇಲಿನ ಅರ್ಧದಲ್ಲಿ ಅದರಿಂದ ಆಗುವ ಒಳ್ಳೆಯದು, ಕೆಳಗಿನ ಅರ್ಧದಲ್ಲಿ ಅದೊಂದನ್ನೇ ಹಿಡಿದರೆ ಆಗುವ ಕೆಟ್ಟದ್ದು. ಬ್ಯಾರಿ ಜಾನ್ಸನ್ ಅವರ ನಕ್ಷೆಯ ಸರಳ ರೂಪ. ರಾಯಚೂರಿನ ಒಬ್ಬ ನರ್ಸಿಂಗ್ ಇನ್‌ಚಾರ್ಜ್ ಅಕ್ಕ ಬರೆದ ಪುಟ ನನ್ನ ಹತ್ತಿರ ಇದೆ. ಎಡಕ್ಕೆ "ರೆಕಾರ್ಡ್ ಪೂರ್ತಿ ಬರೆಯುವುದು", ಬಲಕ್ಕೆ "ರೋಗಿಯ ಹತ್ತಿರ ನಿಲ್ಲುವುದು". ಎಡಗಡೆಯ ಕೆಳಗೆ ಅವರು ಬರೆದದ್ದು: "ರಾತ್ರಿ ಅಜ್ಜಿ ನೀರು ಕೇಳಿದ್ದು ನಮಗೆ ಕೇಳಿಸಲಿಲ್ಲ, ಬರೆಯುತ್ತಿದ್ದೆವು." ಆ ಸಾಲು ಬರೆದ ಮೇಲೆ ಅವರಿಗೇ ದಾರಿ ಹೊಳೆಯಿತು. ಬರೆಯುವ ಟೇಬಲ್ಲನ್ನು ವಾರ್ಡಿನ ಮೂಲೆಯಿಂದ ತೆಗೆದು ಮಂಚಗಳ ನಡುವೆ ಹಾಕಿಸಿದರು.

ನೀವು ಕೇಳಬೇಕಾದದ್ದು ಎರಡೇ ಪ್ರಶ್ನೆ: "ಆ ಕಡೆಯವರು ಹೇಳುವುದರಲ್ಲಿ ಸರಿ ಏನಿದೆ?" ಮತ್ತು "ನಾಳೆಯ ಪಾಳಿಯಲ್ಲಿ ಏನು ಬದಲಿಸಿ ನೋಡುತ್ತೀಯಾ?" ಆಮೇಲೆ ಸುಮ್ನೆ ಇರಿ. ಸುಮ್ನೆ ಇರುವುದೇ ನನಗೆ ಕಲಿಯಲು ಬಹಳ ವರ್ಷ ಹಿಡಿಯಿತು.

"ಇದೆಲ್ಲಾ ಮಾಲೀಕರಿಗೆ ಒಳ್ಳೆ ನೆಪ ಆಗಲ್ವಾ? 'ಎರಡೂ ಮಾಡು' ಅಂತ ಹೇಳಿ ಕೈ ತೊಳ್ಕೋತಾರೆ."

ಆಗುತ್ತದೆ. ಇದನ್ನು ಕೇಳಿದವರು ಬಳ್ಳಾರಿಯ ಒಬ್ಬ ಹಿರಿಯ ಮೇಸ್ತ್ರಿ. ಅವರ ಭಯ ನಿಜ. ಆರು ಜನರ ಕೆಲಸಕ್ಕೆ ನಾಲ್ಕು ಜನ ಇಟ್ಟು "ಸ್ಮಾರ್ಟಾಗಿ ಮಾಡಿ" ಅನ್ನುವುದು ಜೋಡೆತ್ತಲ್ಲ. ಅದು ಒಂದೇ ಎತ್ತಿಗೆ ಎರಡು ಬಂಡಿ. ಅಲ್ಲಿ ಬೇಕಾದದ್ದು ಇನ್ನಿಬ್ಬರು ಜನ. ಪುಟದಲ್ಲಿ ಗೆರೆ ಎಳೆದು ಅದನ್ನು ಮುಚ್ಚಬಾರದು.

ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ಮತ್ತು ಅವರ ಜೊತೆಗಾರರು 1956ರಲ್ಲಿ ಕುಟುಂಬಗಳೊಳಗಿನ ಮಾತುಕತೆಯ ಬಗ್ಗೆ ಬರೆಯುತ್ತಾ ಒಂದು ವಿಷಯ ಹೇಳಿದರು. ಒಬ್ಬ ಮನುಷ್ಯನಿಗೆ ಎದುರುಬದುರಾದ ಎರಡು ಆಜ್ಞೆ ಬರುತ್ತವೆ. ಬಿಟ್ಟು ಹೋಗಲು ಆಗದು. "ಇವೆರಡೂ ಒಂದಕ್ಕೊಂದು ಕೂಡುವುದಿಲ್ಲ" ಅಂತ ಬಾಯಿ ಬಿಟ್ಟು ಹೇಳಲೂ ಆಗದು. ಅವನನ್ನು ಕಟ್ಟಿಹಾಕುವುದು ಇದೇ. ನನ್ನ ಯಲಬುರ್ಗಾ ಹುಡುಗ ನಿಂತಿದ್ದು ಅಂಥ ಜಾಗದಲ್ಲಿ. ಹಾಗಾಗಿ ಯಾವುದಾದರೂ ಆಫೀಸಿಗೆ ಹೋದರೆ ನಾನು ಮೊದಲು ನೋಡುವುದು, ಇಲ್ಲಿ "ಎರಡೂ ಆಗಲ್ಲ ಸರ್" ಅಂದವನಿಗೆ ಏನಾಗುತ್ತದೆ ಅಂತ. ಅವನನ್ನು ಕೂರಿಸಿ ಕೇಳುತ್ತಾರಾ, ಇಲ್ಲ ಮುಂದಿನ ವಾರ ಅವನ ಪಾಳಿ ಬದಲಾಗುತ್ತದಾ?

"ರಾತ್ರಿ ನಿದ್ದೆ ಬರಲ್ಲ ಸರ್. ಎರಡೂ ಕಡೆ ತಪ್ಪು ಮಾಡಿದೆ ಅನ್ನಿಸ್ತದೆ."

ನಿಮಗೆ ಹಾಗೆ ಅನ್ನಿಸುವುದು ಎರಡೂ ಕಡೆಯವರ ಮೇಲೆ ಕಾಳಜಿ ಇರುವುದಕ್ಕೆ. ಆದರೆ ಅದನ್ನು ತಲೆಯಲ್ಲಿ ಹೊತ್ತುಕೊಂಡು ಮನೆಗೆ ಹೋಗಬೇಡಿ. ನಾನು ಕೊನೆಯ ಐದು ವರ್ಷ ಪಾಳಿ ಮುಗಿಸುವ ಮುಂಚೆ ಲಾಗ್‌ಬುಕ್ಕಿನಲ್ಲಿ ಮೂರು ಸಾಲು ಬರೆಯುತ್ತಿದ್ದೆ. ಇವತ್ತು ಯಾವುದಕ್ಕೆ ಮೇಲುಗೈ ಕೊಟ್ಟೆ. ಅದರಿಂದ ಯಾವುದು ಹಿಂದೆ ಬಿತ್ತು. ಅದನ್ನು ಯಾವಾಗ ಎತ್ತಿಕೊಳ್ಳಬೇಕು. ಉದಾಹರಣೆಗೆ: "ಡಿಸ್ಪ್ಯಾಚ್ ಮುಗಿಸಿದೆ. 3ನೇ ಬೆಲ್ಟಿನ ಸ್ಕ್ರೇಪರ್ ನೋಡಲಿಲ್ಲ. ಬೆಳಗ್ಗೆ ಮೊದಲು ಅದು, ಬೆಲ್ಟ್ ಬಂದ್ ಮಾಡಿ."

ಬೆಳಗ್ಗೆ ಆರಕ್ಕೆ ಬಂದವರು ಮೊದಲು ಆ ಪುಟ ಓದಿ, ಅದರ ಕೆಳಗೆ ಸಹಿ ಹಾಕಿ, ಬೆಲ್ಟ್ ಹತ್ತಿರ ಹೋಗುತ್ತಿದ್ದರು.